ಟಿಕೆಟ್ಟಿನ ಕಿಲೋಮೀಟರು

ಮೊಣಕಾಲಿಗೆ ಹಚ್ಚುವ ಮುಲಾಮಿನ ಡಬ್ಬಿ ತೆಗೆದರೆ ಸಾಕು, ನನಗೆ ಕಲ್ಯಾಣದುರ್ಗ ನೆನಪಾಗುತ್ತದೆ. ನಗಬೇಡಿ. ಮಲ್ಲಿಗೆಯ ವಾಸನೆಗೆ ಯಾರಾದರೂ ನೆನಪಾಗುವ ಪುಣ್ಯವಂತರು ಇರಬಹುದು. ಜೀವಮಾನವೆಲ್ಲ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದ ಕಂಡಕ್ಟರನ ಪಾಲಿಗೆ ಬಂದದ್ದು ಇದು. ಇವತ್ತು ಬೆಳಿಗ್ಗೆಯೂ ಹಿಂದೂಪುರದ ಈ ಬಾಡಿಗೆ ಮನೆಯಲ್ಲಿ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದೆ. ಆ ಘಾಟಿನ ಹಿಂದೆಯೇ ಅನಿತ ನೆನಪಾದಳು, ಹದಿನೇಳು ವರ್ಷದ ಅನಿತ.

ಅನಿತ ನನ್ನ ತಂಗಿಯ ಮಗಳು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಓಡುವ ಹುಚ್ಚು ಅವಳಿಗೆ ಎಲ್ಲಿಂದ ಹತ್ತಿತೋ ಗೊತ್ತಿಲ್ಲ. ನಮ್ಮ ವಂಶದಲ್ಲಿ ಬಸ್ಸು ಹಿಡಿಯಲು ಓಡಿದವರೂ ಕಡಿಮೆ. ಮೊದಲ ದಿನ ಪೆನುಕೊಂಡ ರಸ್ತೆಯಲ್ಲಿ ಸ್ವಲ್ಪ ದೂರ ಓಡಿ ವಾಂತಿ ಮಾಡಿಕೊಂಡು ಬಂದಳು. ಮಾರನೆಯ ದಿನವೂ ವಾಂತಿ. "ಬುಟ್ಬುಡಮ್ಮ, ನಿಂಗ್ಯಾಕೆ ಇದು" ಅಂದೆ. ಬಾಯಿ ಮುಕ್ಕಳಿಸುತ್ತ ಹೇಳಿದಳು: "ನಿನ್ನೆಗಿಂತ ಎರಡು ಕಂಬ ಜಾಸ್ತಿ ಓಡ್ದೆ ಮಾವ." ಕರೆಂಟು ಕಂಬ ಎಣಿಸಿಕೊಂಡೇ ಅವಳು ಓಟ ಕಲಿತದ್ದು.

ಆ ವರ್ಷ ಕಲ್ಯಾಣದುರ್ಗದಲ್ಲಿ ಹುಡುಗಿಯರಿಗೆ ಹತ್ತು ಕಿಲೋಮೀಟರಿನ ಓಟ ಇಟ್ಟಿದ್ದರು. ಮೊದಲ ಮೂವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು. ಊಟ, ಕಾಲೇಜು, ಹೇಳಿಕೊಡುವವರು, ಎಲ್ಲವೂ. ವಯಸ್ಸಿನ ಲೆಕ್ಕದಲ್ಲಿ ಅನಿತಳಿಗೆ ಅದೇ ಕೊನೆಯ ಅವಕಾಶ. ಅವಳಪ್ಪ ಒಂದೇ ಮಾತು ಹೇಳಿದ: "ಗೆದ್ರೆ ಓಡು. ಇಲ್ದಿದ್ರೆ ನಿಮ್ಮಮ್ಮನ ಜೊತೆ ಹುಣಸೆಬೀಜ ಬಿಡಿಸೋಕೆ ನಡಿ. ಆಮ್ಯಾಕೆ ನನ್ನ ಕೇಳ್ಬ್ಯಾಡ."

ಹತ್ತು ಕಿಲೋಮೀಟರು ಅಳೆಯುವುದು ಹೇಗೆ? ರಸ್ತೆ ಅಗಲ ಮಾಡುತ್ತೇವೆಂದು ಮೈಲಿಗಲ್ಲುಗಳನ್ನೆಲ್ಲ ಕಿತ್ತು ಹಾಕಿದ್ದರು. ಶಾಲೆಯ ಡ್ರಿಲ್ ಮೇಷ್ಟ್ರು ತಮ್ಮ ಬೈಕು ತಂದು ಅಳೆದು ಕೊಡುತ್ತೇನೆಂದರು. ನನಗೆ ಮೈಯೆಲ್ಲ ಉರಿಯಿತು. ಅದೇ ರಸ್ತೆಯಲ್ಲಿ ದಿನಕ್ಕೆ ನಾಲ್ಕು ಸಲ ಓಡಾಡುವ ನಾನಿರುವಾಗ ಬೈಕು ಯಾಕೆ? "ಇಲ್ಲಿಂದ ರೈಲ್ವೆ ಗೇಟ್ ಸ್ಟಾಪಿಗೆ ಐದು ಕಿಲೋಮೀಟರು ಕಣಮ್ಮ. ಟಿಕೆಟ್ ಮೇಲೇ ಬರೆದೈತೆ. ಹೋಗಿ ಬಂದ್ರೆ ಹತ್ತು" ಅಂದುಬಿಟ್ಟೆ. ಅವಳು ನಂಬಿದಳು. ಮಾವ ಹೇಳಿದ ಮೇಲೆ ಮುಗಿಯಿತು.

ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಹಿಮ್ಮಡಿ ಒಡೆದು ರಕ್ತ ಬಂದಾಗ ಬಟ್ಟೆ ಸುತ್ತಿಕೊಂಡು ಓಡಿದಳು. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಅವಳನ್ನು ದಾಟುವಾಗ ನಾನು ಫುಟ್‌ಬೋರ್ಡಿನಲ್ಲಿ ನಿಂತು ಸೀಟಿ ಊದುತ್ತಿದ್ದೆ. ನನ್ನ ಸೊಸೆ, ನನ್ನ ಸೊಸೆ ಎಂದು ಪ್ರಯಾಣಿಕರಿಗೆಲ್ಲ ತೋರಿಸುತ್ತಿದ್ದೆ. ಆ ಹೆಮ್ಮೆ ನೆನೆದರೆ ಈಗ ನಾಚಿಕೆಯಾಗುತ್ತದೆ.

ಕಲ್ಯಾಣದುರ್ಗದಲ್ಲಿ ಎಂಟು ಕಿಲೋಮೀಟರಿನವರೆಗೆ ಅವಳೇ ಎರಡನೆಯವಳು. ಜೀಪಿನಲ್ಲಿ ಹಿಂದೆ ಹೋಗಿದ್ದವರು ಬಂದು ಹೇಳಿದಾಗ ನಾನು ಗ್ಲೂಕೋಸ್ ಪೊಟ್ಟಣ ಹಿಡಿದುಕೊಂಡು ಕುಣಿದಾಡಿದ್ದೆ. ಮೊದಲನೆಯವಳು ಬಂದಳು. ಎರಡನೆಯವಳು, ಮೂರನೆಯವಳು, ಏಳನೆಯವಳು ಬಂದಳು. ಅನಿತ ಬಂದದ್ದು ಹನ್ನೊಂದನೆಯವಳಾಗಿ, ನಡೆದುಕೊಂಡು. ನನ್ನ ತೋಳು ಹಿಡಿದು ಹೇಳಿದಳು: "ಎಲ್ಲಾ ಸರಿಯಾಗೇ ಇತ್ತು ಮಾವ. ಆಮೇಲೆ ಕಾಲು ನಂದಲ್ಲ ಅನ್ನಿಸ್ಬುಡ್ತು." ವಾಪಸು ಬರುವಾಗ ಬಸ್ಸಿನುದ್ದಕ್ಕೂ ಅವಳ ಕಾಲಿಗೆ ಮುಲಾಮು ತಿಕ್ಕಿದೆ.

ಮುಂದಿನ ವಾರದ ಮಾತು. ಗೇಟ್ ಸ್ಟಾಪಿಗೆ ಮುಂಚೆ ನಮ್ಮ ಬಸ್ಸು ಎಡಕ್ಕೆ ತಿರುಗಿ ಒಂದು ಹಳ್ಳಿಯೊಳಗೆ ಅರ್ಧ ಕಿಲೋಮೀಟರು ಹೋಗಿ, ಜನರನ್ನು ಹತ್ತಿಸಿಕೊಂಡು ಮತ್ತೆ ರಸ್ತೆಗೆ ಬರುತ್ತಿತ್ತು. ಅವತ್ತು ಹಳ್ಳಿಯ ದಾರಿಯನ್ನು ಪೈಪಿಗಾಗಿ ಅಗೆದಿದ್ದರಿಂದ ನೇರ ಹೋದೆವು. ಡ್ರೈವರು ನಗುತ್ತ, "ಒಕ ಕಿಲೋಮೀಟರ್ ಮಿಗಿಲಿಂದಿ ಅನ್ನಾ" ಅಂದ. ಒಂದು ಕಿಲೋಮೀಟರು ಉಳಿಯಿತಂತೆ. ಅಲ್ಲೇ ನನಗೆ ಲೆಕ್ಕ ಹೊಳೆಯಿತು. ಟಿಕೆಟ್ಟಿನ ಐದು ಕಿಲೋಮೀಟರು ಬಸ್ಸಿನದು, ಹಳ್ಳಿ ಸುತ್ತಿ ಬರುವ ಲೆಕ್ಕದ್ದು. ಹುಡುಗಿ ಓಡುತ್ತಿದ್ದದ್ದು ನೇರ ರಸ್ತೆಯಲ್ಲಿ. ಹೋಗುತ್ತ ನಾಲ್ಕು, ಬರುತ್ತ ನಾಲ್ಕು. ನಾಲ್ಕು ತಿಂಗಳು ಅವಳು ಎಂಟೇ ಓಡಿದ್ದಳು. ಎಂಟಕ್ಕೆ ತಕ್ಕ ವೇಗವನ್ನೇ ಕಲಿತಿದ್ದಳು.

ಹೇಳಲಿಲ್ಲ. ಎರಡು ಸಲ ಗೋಡೆಯಾಚೆ ಹೋಗಿ ಕಾಫಿ ಕುಡಿದು ಬಂದೆ. ಅಷ್ಟೇ ನನ್ನ ಧೈರ್ಯ. ಅನಿತ ಹುಣಸೆಹಣ್ಣಿನ ಗೋಡೌನಿಗೆ ಹೋಗತೊಡಗಿದಳು. ಆದರೆ ಓಟ ಬಿಡಲಿಲ್ಲ. ಮದುವೆಯಾಗಿ ಇದೇ ಬೀದಿಯಲ್ಲಿ ಸಂಸಾರ ಹೂಡಿದ ಮೇಲೂ ದಿನಾ ಬೆಳಿಗ್ಗೆ ಐದಕ್ಕೆ ಅದೇ ರಸ್ತೆ, ಅದೇ ಗೇಟು. ಎರಡು ಸಲ ಬೇರೆ ಊರಿನ ಓಟಕ್ಕೂ ಹೋದಳು. ಎರಡು ಸಲವೂ ಎಂಟಕ್ಕೇ ಕಾಲು ಕಟ್ಟಿದವು. "ಕೊನೇ ಎರಡು ಕಿಲೋಮೀಟರು ನನ್ನ ಹಣೇಲಿ ಬರೆದಿಲ್ಲ ಮಾವ. ಆದ್ರೂ ಒಂದಿನ ಹಿಡೀತೀನಿ" ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಹೀಗೆ ಹನ್ನೆರಡು ವರ್ಷ.

ಹೋದ ವಾರ ಅವಳ ಗಂಡ ಓಡಿದ ದೂರ ಅಳೆದು ತೋರಿಸುವ ಹೊಸ ಫೋನು ಕೊಡಿಸಿದ. ಅನಿತ ಬೆಳಗಿನ ಓಟ ಮುಗಿಸಿ, ಬೆವರು ಒರೆಸಿಕೊಳ್ಳುತ್ತ ಸೀದಾ ನನ್ನ ಹತ್ತಿರ ಬಂದಳು.

"ನೋಡು ಮಾವ, ಹೊಸಾ ಫೋನೇ ಕೆಟ್ಟೋಗೈತೆ. ಗೇಟಿಗೆ ಹೋಗಿ ಬಂದ್ರೆ ಎಂಟೇ ತೋರಿಸ್ತೈತೆ. ಅಂಗಡಿಗೆ ವಾಪಸ್ ಕೊಟ್ ಬತ್ತೀನಿ."

ನನ್ನ ಮಾತಿನ ಮೇಲೆ ಅವಳಿಗೆ ಅಷ್ಟು ನಂಬಿಕೆ. ಆ ನಂಬಿಕೆಯ ಮುಂದೆ ಇನ್ನು ಸುಳ್ಳು ಹೇಳಲಾಗಲಿಲ್ಲ.

"ಫೋನು ಸರಿಯಾಗೇ ಐತೆ ಕಣಮ್ಮ" ಎಂದು ಎಲ್ಲವನ್ನೂ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಫೋನನ್ನು ಇನ್ನೊಮ್ಮೆ ನೋಡಿ ಕೇಳಿದಳು: "ಹಂಗಾದ್ರೆ ಅವತ್ತು ನನ್ನ ಕೈಲಿ ಆಯ್ತಿತ್ತಾ ಮಾವ?"

"ಆಯ್ತಿತ್ತು" ಅಂದೆ.

ಅಲ್ಲೇ ನೆಲದ ಮೇಲೆ ಕೂತು ನಿಧಾನವಾಗಿ ಬೂಟು ಬಿಚ್ಚಿದಳು. ಬರಿಗಾಲಲ್ಲಿ ಮನೆಗೆ ಹೋದಳು.

ಇವತ್ತಿಗೆ ಆರು ದಿನ. ಐದು ಗಂಟೆಗೆ ನನಗೆ ತಾನಾಗಿ ಎಚ್ಚರವಾಗುತ್ತದೆ. ಬೀದಿಯಲ್ಲಿ ಹಾಲಿನವನು ಹೋಗುತ್ತಾನೆ, ಮೊದಲ ಬಸ್ಸು ಹೋಗುತ್ತದೆ. ಅವಳು ಓಡುವ ಸದ್ದು ಮಾತ್ರ ಇಲ್ಲ.