ಎತ್ತು ಮೆಲುಕು ಹಾಕುವಷ್ಟು ಬಿಗಿ

ಗಾಡಿಗಳ ಬಗ್ಗೆ ಮಾತಾಡುವವರೆಲ್ಲ ಮುಂದೆ ಕುಳಿತವರು. ಎಷ್ಟು ಓಡುತ್ತದೆ, ಎಷ್ಟು ಡೀಸೆಲ್ ಕುಡಿಯುತ್ತದೆ, ಯಾರ ಗಾಡಿಯನ್ನು ಎಲ್ಲಿ ಹಿಂದೆ ಹಾಕಿತು ಎಂಬ ಪುರಾಣವನ್ನು ಚಹಾದಂಗಡಿಯಲ್ಲಿ ಬಿಚ್ಚುವವನನ್ನು ನೀವೂ ನೋಡಿರುತ್ತೀರಿ. ಅವನು ಒಂದು ದಿನವಾದರೂ ಹಿಂದೆ ನಿಂತು ಬಂದವನಲ್ಲ. ನಾನು ಹುಟ್ಟಿದಾಗಿನಿಂದ ಹಿಂದಿನವಳು. ಗಂಡನ ಮನೆಗೆ ಬಂದದ್ದು ಚಕ್ಕಡಿಯ ಹಿಂದೆ, ಕಬ್ಬು ಕಡಿಯಲು ಹೋದದ್ದು ಟ್ರ್ಯಾಕ್ಟರಿನ ಹಿಂದೆ, ನಿಪ್ಪಾಣಿ ಕಂಡದ್ದು ತಂಬಾಕಿನ ಚೀಲಗಳ ಮೇಲೆ ಕುಳಿತು. ಬಸ್ಸಿನಲ್ಲಿಯೂ ನನ್ನ ಪಾಲಿಗೆ ಬರುವುದು ಹಿಂದಿನ ಚಕ್ರದ ನೆತ್ತಿಯ ಮೇಲಿನ ಸೀಟು. ಹೀಗಾಗಿ ರಾಯಬಾಗ, ಚಿಕ್ಕೋಡಿ, ಅಥಣಿ ಕಡೆಯ ರಸ್ತೆಗಳ ವಿಷಯದಲ್ಲಿ ನನ್ನ ಸೊಂಟದಷ್ಟು ಪಾಂಡಿತ್ಯ ಬೇರೆ ಯಾವ ಸೊಂಟಕ್ಕೂ ಇಲ್ಲವೆಂದು ಜಂಬದಲ್ಲಿದ್ದೆ. ಆ ಜಂಬವನ್ನು ಒಂದು ಎತ್ತು ಇಳಿಸಿತು.

ಎತ್ತಿನ ಹೆಸರು ಸರ್ಜಾ. ನನ್ನ ಮಗ ಭರಮುವಿನದು. ಎತ್ತಿನಗಾಡಿ ಶರ್ಯತ್ತಿನಲ್ಲಿ ಓಡುವ ಎತ್ತು. ಅದರ ಜೋಡಿ ಶಿರಗುಪ್ಪಿಯಲ್ಲಿ ಬೇರೊಬ್ಬರ ಕೊಟ್ಟಿಗೆಯಲ್ಲಿದೆ. ಓಡಬೇಕಾದರೆ ಸರ್ಜಾ ಗಾಡಿ ಹತ್ತಿ ಅಲ್ಲಿಗೆ ಹೋಗಬೇಕು. ಗಾಡಿ ಮೊಮ್ಮಗಳು ರೇಖಾಳದು. ಆಕೆ ನಿಪ್ಪಾಣಿಯ ಗ್ಯಾರೇಜೊಂದರಲ್ಲಿ ಕೆಲಸ ಕಲಿತು ಪಿಕಪ್ ಕೊಂಡಳು. ಸಾದಾ ಪಿಕಪ್ ಅಲ್ಲ. ಕೊಲ್ಲಾಪುರದ ಕಡೆಯ ಶೋಕಿಯವನೊಬ್ಬ ಕೆಸರಿನಲ್ಲಿ ಓಡಿಸುವ ಪಂದ್ಯಕ್ಕೆಂದು ಇಂಜಿನಿನ ಜೋರು ಹೆಚ್ಚಿಸಿ, ದಪ್ಪ ಟೈರು ತೊಡಿಸಿ, ಮೈ ಎತ್ತರಿಸಿ, ಆಮೇಲೆ ಮದುವೆಯಾಗಿ ಬುದ್ಧಿ ಬಂದು ಮಾರಿದ ಗಾಡಿ. ಚಾಲೂ ಮಾಡಿದರೆ ನಮ್ಮ ಓಣಿಯ ಕೋಳಿಗಳು ಮಾಳಿಗೆ ಏರುತ್ತವೆ.

ಹೋದ ವರ್ಷ ರೇಖಾ ಇದೇ ಗಾಡಿಯಲ್ಲಿ ಸರ್ಜಾನನ್ನು ತರುವಾಗ ಕಾಗವಾಡದ ಹತ್ತಿರದ ತಿರುವಿನಲ್ಲಿ ಅದು ಮೊಣಕಾಲೂರಿ ಬಿತ್ತು. ಮೊಣಕಾಲು ಮಾಯಿತು, ಭಯ ಮಾಯಲಿಲ್ಲ. ಅಂದಿನಿಂದ ಗಾಡಿಯ ಹಲಗೆ ಕಂಡರೆ ಸಾಕು, ಕಿವಿ ನಿಮಿರಿಸಿ ಹಿಂದೆ ಸರಿಯುತ್ತದೆ. ಅಂದಿನಿಂದ ಭರಮುವೂ ಮಗಳೊಡನೆ ನೇರ ಮಾತಾಡುವುದನ್ನು ಬಿಟ್ಟ. ಅವಳಿಗೆ ಹೇಳಬೇಕಾದುದನ್ನು ಎತ್ತಿಗೆ ಹೇಳುತ್ತಿದ್ದ.

"ಸರ್ಜಾ, ಈ ಸಲ ನೀ ಗಾಡಿ ಹತ್ತಲಿಲ್ಲಂದ್ರ ದಲಾಲಿಗೆ ಕೊಟ್ಟ ಬಿಡ್ತೀನಿ. ಶರ್ಯತ್ತಿನ ದಿನಾನ ಬಾ ಅಂದೀನಿ ಅಂವಗ."

ರೇಖಾ ಕೇಳಿಸಿಕೊಂಡಳು. ಮರುದಿನವೇ ಹೋಗಿ ಹೊಸ ಶಾಕಪ್‌ಗಳನ್ನು ತಂದಳು.

ಶಾಕಪ್ ಎಂದರೇನು ಎಂಬುದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ಗಾಡಿಯ ಭಾರ ಹೊರುವವು ಒಂದರ ಮೇಲೊಂದು ಕೂಡಿಸಿದ ಉಕ್ಕಿನ ಪಟ್ಟಿಗಳು. ಚಕ್ರ ತಗ್ಗಿಗಿಳಿದರೆ ಅವು ಕುಣಿಯಲು ಹತ್ತುತ್ತವೆ. ಆ ಕುಣಿತವನ್ನು ಹಿಡಿದು ನಿಲ್ಲಿಸುವ, ಒಳಗೆ ಎಣ್ಣೆ ತುಂಬಿದ ಕೊಳವೆಯೇ ಶಾಕಪ್. ಹಳೆಯವು ಎಣ್ಣೆ ಸೋರಿ ಸತ್ತಿದ್ದವು. ಹೊಸವಕ್ಕೆ ಒಂದೊಂದು ಗುಂಡಿ ಇತ್ತು. ಒಂದು ಕಡೆ ತಿರುವಿದರೆ ಟಿಕ್ ಎಂದು ಮೆತ್ತಗಾಗುತ್ತದೆ, ಇನ್ನೊಂದು ಕಡೆ ತಿರುವಿದರೆ ಟಿಕ್ ಎಂದು ಬಿಗಿಯಾಗುತ್ತದೆ. ನಮ್ಮ ಕಾಲದಲ್ಲಿ ಇಂಥ ಗುಂಡಿ ಅತ್ತೆಯಂದಿರಿಗೆ ಇದ್ದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು.

ಬೇವಿನ ಮರದ ಕೆಳಗೆ ಜಾಕು ಹಚ್ಚಿ, ಕಟ್ಟಿಗೆಯ ದಿಮ್ಮಿ ಕೊಟ್ಟು, ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಹನಿಸಿ ರೇಖಾ ಕೆಳಗೆ ಮಲಗಿದಳು. ಬೋಲ್ಟು ತಿರುವುವ ಪಾನಾ ಕೊಡುವುದು ನನ್ನ ಕೆಲಸ. ಕೇಳಿದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೊಟ್ಟೆ. ಶಾಕಪ್ ಕೂಡಿಸಿ ಬೋಲ್ಟು ತೂರಿಸಿದ ಮೇಲೆ ಆಕೆ ಪೂರ್ತಿ ಬಿಗಿಯದೆ ಎದ್ದು ಬಂದಳು. ಕೆಲಸಗಳ್ಳಿ ಎಂದು ಬೈಯಬೇಕೆನ್ನುವಷ್ಟರಲ್ಲಿ ಹೇಳಿದಳು, "ಗಾಡಿ ನೆಲಕ್ಕ ಇಳದು ಮೈಭಾರ ಬಿಟ್ಟ ಮ್ಯಾಲೆ ಬಿಗಿ ಮಾಡಬೇಕ, ಆಯಿ. ಮ್ಯಾಲೆ ಇದ್ದಾಗ ಬಿಗಿ ಮಾಡಿದ್ರ ಒಳಗಿನ ರಬ್ಬರು ತಿರುಚಿ ಹರೀತೈತಿ."

ಇನ್ನು ಉಳಿದದ್ದು ಗುಂಡಿ ಎಷ್ಟು ತಿರುವಬೇಕೆಂಬ ಪ್ರಶ್ನೆ. ಪರೀಕ್ಷೆಗೆ ಎತ್ತಿನ ತೂಕ ಬೇಕು, ಎತ್ತು ಹತ್ತುವುದಿಲ್ಲ. ಆಕೆ ಓಣಿಯ ಹೆಂಗಸರನ್ನು ಕರೆದಳು. ಪಕ್ಕದ ಮನೆಯ ಚಂಪವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಎತ್ತಿನ ಬದಲಿ ನಮ್ಮನ್ನ ಹೇರ್ತೀಯೇನ? ಎತ್ತಿಗರ ಹಿಂಡಿ ಹಾಕ್ತಾರ, ನಮಗೇನ ಹಾಕ್ತಿ?"

"ಚಿಕ್ಕೋಡಿ ಸಂತಿಗೆ ಪುಕ್ಕಟೆ ಒಯ್ತೀನ್ರಿ, ಚಂಪಕ್ಕ."

"ಹಂಗಾರ ಎತ್ತಿಗಿಂತ ಹೆಚ್ಚ ಆದೇವು ನಾವು."

ಗಾಡಿಯ ಹಿಂದೆ ಹತ್ತಿ ಸರಳು ಹಿಡಿದು ನಿಂತೆವು. ಗಾಡಿ ಹೊರಟಿತು. ಒಬ್ಬಳಿಗೆ ಮೊಣಕಾಲು ನೋವು, ಮೆತ್ತಗೆ ಮಾಡು ಎಂದಳು. ಇನ್ನೊಬ್ಬಳಿಗೆ ಬೆನ್ನು, ಇನ್ನೂ ಮೆತ್ತಗೆ ಮಾಡು ಎಂದಳು. ಚಂಪವ್ವನಿಗೆ ಏನೂ ನೋವಿಲ್ಲ, ಆದರೂ ಹಿಂದೆ ಬೀಳಬಾರದೆಂದು ಆಕೆಯೂ ಎಂದಳು. ರೇಖಾ ಪ್ರತಿ ಸಲ ನಿಲ್ಲಿಸಿ, ಕೆಳಗೆ ತೂರಿ, ಟಿಕ್ ಅನ್ನಿಸಿ ಬಂದಳು. ಕೊನೆಗೆ ಗಾಡಿ ಗಾದಿಯಂತಾಯಿತು. ಸೊಂಟದ ಪಾಂಡಿತ್ಯವನ್ನೆಲ್ಲ ಧಾರೆಯೆರೆದು ನಾನೇ ತೀರ್ಪು ಕೊಟ್ಟೆ: "ಇಷ್ಟ ಸಾಕು. ಎತ್ತು ನಿದ್ದಿ ಮಾಡತೈತಿ."

ಮರುದಿನ ತಿಪ್ಪೆಯ ದಿಬ್ಬಕ್ಕೆ ಗಾಡಿಯ ಹಿಂಭಾಗ ಸಮನಾಗಿ ನಿಲ್ಲಿಸಿ, ಒಳಗೆ ಹಸಿಮೇವು ಹರಡಿ, ಸರ್ಜಾನನ್ನು ತಂದರು. ಮೇವಿನ ಆಸೆಗೆ ಅದು ಮುಂಗಾಲನ್ನು ಇಟ್ಟಿತು. ಕಾಲ ಕೆಳಗಿನ ಹಲಗೆ ತೊಟ್ಟಿಲಿನಂತೆ ಇಳಿದು ಏರಿ, ಇಳಿದು ಏರಿತು. ಎತ್ತು ಬುಸುಗುಟ್ಟಿ ಹಿಂದಕ್ಕೆ ಹಾರಿತು. ಹಗ್ಗ ಬಿಡದ ಭರಮು ತಿಪ್ಪೆಯಲ್ಲಿ ಕುಳಿತ. ಅಲ್ಲಿಂದಲೇ ಎತ್ತಿಗೆ ಹೇಳಿದ, "ಆತು ಬಿಡು ಸರ್ಜಾ. ದಲಾಲಿ ಬರ್ತಾನ, ಅಂವನ ಜೋಡಿ ನಡಕೋತ ಹೋಗು."

ರೇಖಾ ಗಾಡಿ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

ಎರಡು ದಿನ ಬಿಟ್ಟು ಹಿಂಡಿ ತರಲು ಚಿಕ್ಕೋಡಿಗೆ ಹೋದೆವು. ಬರುವಾಗ ಚಂಪವ್ವ ಟೊಮೇಟೊ ಬುಟ್ಟಿಯೊಡನೆ ನನ್ನ ಪಕ್ಕದಲ್ಲಿ ಕುಳಿತಿದ್ದಳು, ನಾನು ನಿಂತಿದ್ದೆ. ತಿರುವಿನಲ್ಲಿ ಗಾಳಿಗೆ ಸೆರಗು ಹಾರಿತು. ಎಳೆದುಕೊಳ್ಳಲು ಎರಡೂ ಕೈ ಬಿಟ್ಟೆ. ಗಾಡಿ ಮೆತ್ತಗೆ ಒಂದು ಕಡೆ ವಾಲಿ, ಮೆತ್ತಗೆ ಇನ್ನೊಂದು ಕಡೆ ವಾಲಿ, ನನ್ನನ್ನು ಟೊಮೇಟೊ ಬುಟ್ಟಿಯಲ್ಲಿ ಕೂಡಿಸಿತು.

"ಗಂಗಕ್ಕ, ಕೈ ಯಾಕ ಬಿಟ್ಟಿ?" ಎಂದಳು ಚಂಪವ್ವ. ಚಿಂತೆ ನನ್ನ ಬಗ್ಗೆಯಲ್ಲ, ಬುಟ್ಟಿಯ ಬಗ್ಗೆ.

ನಾನು ಏಳಲಿಲ್ಲ. ಅಲ್ಲಿಯೇ ಕುಳಿತು ಕೇಳಿದೆ, "ಚಂಪಾ, ಎತ್ತು ಏನ ಹಿಡಕೋತೈತಿ?"

ಆಕೆ ನನ್ನ ತಲೆಗೆ ಪೆಟ್ಟಾಗಿದೆಯೆಂದು ರೇಖಾಳನ್ನು ಕೂಗಿದಳು. ರೇಖಾ ಗಾಡಿ ನಿಲ್ಲಿಸಿ ಬಂದಳು, ನನ್ನ ಪ್ರಶ್ನೆ ಕೇಳಿಸಿಕೊಂಡಳು, ಬಗ್ಗಿ ಶಾಕಪ್ ನೋಡಿದಳು. ಅಷ್ಟು ಹೆಂಗಸರು ಅಷ್ಟು ದೂರ ಸರಳು ಹಿಡಿದು, ಕೈಯಿಂದ ನಿಂತು, ಕಾಲಿನ ಮಾತು ಹೇಳಿದ್ದೆವು. ನಮಗೆ ಬೇಕಾದದ್ದು ಸುಖ. ಎತ್ತಿಗೆ ಬೇಕಾದದ್ದು, ಕಾಲಿಟ್ಟ ನೆಲ ಕಾಲಿಟ್ಟಲ್ಲೇ ಇರುವುದು. ಇವೆರಡೂ ಒಂದೇ ಎಂದು ತಿಳಿದು ಎಷ್ಟು ಜನರಿಗೆ ಎಷ್ಟು ಉಪದೇಶ ಮಾಡಿದ್ದೇನೋ. ಹಾಳಾದ ಟೊಮೇಟೊಗಳ ನಡುವೆ ಅದನ್ನೆಲ್ಲ ಲೆಕ್ಕ ಹಾಕುವ ಮನಸ್ಸಾಗಲಿಲ್ಲ.

ಮರುದಿನ ಹೆಂಗಸರನ್ನು ಮತ್ತೆ ಹೇರಿದೆವು. ಈ ಸಲ ಎಲ್ಲರ ಕೈಯೂ ತಲೆಯ ಮೇಲೆ. ಎದುರಿಗೆ ಬಂದ ಬಸ್ಸಿನವರು ನಮ್ಮನ್ನು ಯಾರೋ ಹಿಡಿದುಕೊಂಡು ಹೋಗುತ್ತಿದ್ದಾರೆಂದು ಕಿಟಕಿಯಿಂದ ಇಣುಕಿದರು. ರೇಖಾ ಟಿಕ್ ಟಿಕ್ ಎಂದು ಬಿಗಿ ಮಾಡುತ್ತ ಬಂದಳು. ಸಣ್ಣ ಕಲ್ಲೂ ಅಂಗಾಲಿಗೆ ತಿಳಿಯತೊಡಗಿತು. ಆದರೆ ತಿರುವಿನಲ್ಲಿ ಯಾರೂ ಯಾರ ಮೇಲೂ ಬೀಳಲಿಲ್ಲ.

"ಮಣಕಾಲು ಶಾಪ ಹಾಕಾಕತ್ತೈತಿ," ಎಂದಳು ಚಂಪವ್ವ, "ಆದ್ರ ನಿಂತೀನಿ ನೋಡ."

ಸಂಜೆಯ ಮೊದಲೇ ಸರ್ಜಾನನ್ನು ತಂದೆವು. ಅದು ಕಾಲಿಟ್ಟಿತು. ಹಲಗೆ ಒಂದೇ ಸಲ ಕುಗ್ಗಿ ಅಲ್ಲೇ ನಿಂತಿತು. ಎತ್ತು ತಲೆ ಬಗ್ಗಿಸಿ ಮೂಸಿತು, ಇನ್ನೊಂದು ಕಾಲಿಟ್ಟಿತು, ಆಮೇಲೆ ಮೇವಿನ ಕಡೆ ನಡೆಯಿತು. ಭರಮುವೂ ನಾನೂ ಹಿಂದೆ ಹತ್ತಿದೆವು; ರೇಖಾ ನಿಧಾನವಾಗಿ ಕಾಲುವೆಯ ದಾರಿಗೆ ಬಿಟ್ಟಳು. ಎತ್ತು ಮೇವು ತಿಂದು ಮುಗಿಸಿ ನಿಂತಿತು, ಬಾಯಾಡಿಸಲಿಲ್ಲ. ಹೆದರಿದ ದನ ಮೆಲುಕು ಹಾಕುವುದಿಲ್ಲ, ಇದು ಕೊಟ್ಟಿಗೆ ಬಳಿದವರಿಗೆಲ್ಲ ಗೊತ್ತು. ರೇಖಾ ಇಳಿದು ಬಿಗಿಯನ್ನು ಒಂದು ಟಿಕ್ ಕಡಿಮೆ ಮಾಡಿ ಮತ್ತೊಂದು ಸುತ್ತು ಹಾಕಿದಳು. ಅರ್ಧ ದಾರಿಯಲ್ಲಿ ಸರ್ಜಾನ ಗಂಟಲಲ್ಲಿ ಉಂಡೆಯೊಂದು ಕೆಳಗಿನಿಂದ ಮೇಲೇರಿತು, ದವಡೆ ಓರೆಯಾಗಿ ಆಡತೊಡಗಿತು.

ಭರಮು ಮುಂದಿನ ತಗಡಿಗೆ ಬಡಿದ. "ರೇಖಾ, ಇಷ್ಟ ಇರ್ಲಿ. ಇನ್ನ ಮುಟ್ಟಬ್ಯಾಡ."

ಹೋದ ವರ್ಷದಿಂದ ಅವನು ಅವಳ ಹೆಸರು ಹಿಡಿದು ಆಡಿದ ಮೊದಲ ಮಾತು ಅದು. ಆಕೆ ಹಾರ್ನ್ ಹೊಡೆದು ಉತ್ತರ ಕೊಟ್ಟಳು.

ಶರ್ಯತ್ತಿನಲ್ಲಿ ಸರ್ಜಾ ಗೆಲ್ಲಲಿಲ್ಲ. ಮುಂದಿನವರ ಧೂಳು ಕುಡಿದು ನಡುವೆಲ್ಲೋ ಬಂತು. ಮನೆಗೆ ಬಂದಾಗ ದಲಾಲಿ ನಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದ. ಭರಮು ಇಳಿಯುತ್ತಲೇ ಕೊಡುವುದಿಲ್ಲವೆಂದ. ಬಂದದ್ದಕ್ಕೆ ಎತ್ತನ್ನಾದರೂ ನೋಡುತ್ತೇನೆ, ಇಳಿಸು ಎಂದ ಅವನು. ಭರಮು ಹಗ್ಗ ಜಗ್ಗಿದ. ಸರ್ಜಾ ನಾಲ್ಕೂ ಕಾಲೂರಿ ನಿಂತು, ಕಣ್ಣು ಅರ್ಧ ಮುಚ್ಚಿ, ಮೆಲುಕು ಹಾಕುತ್ತಲೇ ಇತ್ತು. ದಲಾಲಿಯೂ ಜಗ್ಗಿ ನೋಡಿದ, ಅಲುಗಲಿಲ್ಲ. ಚಹಾ ಕುಡಿದು ಎದ್ದು ಹೋದ.

"ಇಳಸ ಅಪ್ಪಾ ಅಂವನ್ನ," ಎಂದಳು ರೇಖಾ. "ನಾಳೆ ಸದಲಗಾದಾಗ ಟೊಮೇಟೊ ಹೇರೋದೈತಿ."

ಭರಮು ಮತ್ತೆ ಗಾಡಿ ಹತ್ತಿ ಎತ್ತಿನ ಬೆನ್ನು ಸವರುತ್ತ ನಿಂತ. "ಟೊಮೇಟೊಕ್ಕ ಬ್ಯಾರೆ ಗಾಡಿ ನೋಡ."