ಕಾಕಾ ಸುಳ್ಳು ಹೇಳಿದ ಸಿನಿಮಾ

ಇದು ನಡೆದದ್ದು ಹೋದ ವರ್ಷದ ಬೇಸಿಗೆ ರಜೆಯಲ್ಲಿ. ಬರೆಯಲು ಕೂತರೆ ಈಗಲೂ ಮೈ ಉರಿಯುತ್ತದೆ.

ನಾನು ಗಡಿನಾಡಿನ ಜತ್ತದಲ್ಲಿ ಕನ್ನಡ ಶಾಲೆಯ ಶಿಕ್ಷಕಿ. ತವರು ಅಲ್ಲೇ ಹತ್ತಿರದ ಬಿಳೂರ. ತೀರಿಹೋದ ನನ್ನ ಅಪ್ಪನಿಗೆ ಹಳೆಯ ಹಾಲಿವುಡ್ ಸಿನಿಮಾಗಳ ಹುಚ್ಚು. ಅಪ್ಪ, ಅವರ ತಮ್ಮನಾದ ನನ್ನ ಕಾಕಾ, ನಡುವೆ ನಾನು, ಮೂವರೂ ಕೂತು ಒಂದೇ ಸಿನಿಮಾವನ್ನು ಮತ್ತೆ ಮತ್ತೆ ನೋಡುತ್ತಿದ್ದೆವು. ಅಪ್ಪ ಒಂದೊಂದು ಮಾತನ್ನೂ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಕಾಕಾ ಮುಂದೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದರು. ಊರಿಗೆಲ್ಲ ಅವರು ಗುರೂಜಿ. ಅವರು ಹೇಳಿದರೆ ಮುಗಿಯಿತು, ಎದುರಾಡುವವರಿಲ್ಲ.

ರಜೆಗೆ ಬಿಳೂರಿಗೆ ಹೋಗಿದ್ದೆ. ಆ ದಿನ ಮಧ್ಯಾಹ್ನ ಕಾಕಾನ ಮನೆಯಲ್ಲಿ ಶಾವಿಗೆ ಹೊಸೆಯುವ ಕೆಲಸ. ಓಣಿಯ ಹೆಂಗಸರೆಲ್ಲ ಸೇರಿದ್ದರು. ಕಾಕಾನ ಮಗಳು ಸವಿತಾ ಮೂಲೆಯಲ್ಲಿ ಕೂತು ಹಿಟ್ಟು ನಾದುತ್ತಿದ್ದಳು. ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದು ತಿಂಗಳಾಗಿತ್ತು. ಮೊಣಕೈ ಮೇಲಿನ ಗಾಯದ ಕಲೆ ಇನ್ನೂ ಮಾಸಿರಲಿಲ್ಲ. ಮರುದಿನ ಬೀಗರು ಕರೆದೊಯ್ಯಲು ಬರುವವರಿದ್ದರು. ಕಾಕಾ ಮಗಳನ್ನು ಒಂದು ಮಾತೂ ಕೇಳದೆ "ಕಳಿಸ್ತೀನಿ" ಎಂದು ಒಪ್ಪಿಬಿಟ್ಟಿದ್ದರು. ಅವಳು ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ.

"ಟೀಚರಮ್ಮ, ಬ್ಯಾಸರಾಗೇತಿ. ಟಿವಿಗೆ ಏನರ ಹಚ್ಚವಾ" ಎಂದಳು ಪಕ್ಕದ ಮನೆಯ ಗೌರವ್ವ. ನಾನು ಫೋನು ಜೋಡಿಸಿ ಅಪ್ಪನ ಅಚ್ಚುಮೆಚ್ಚಿನ ಕಪ್ಪು-ಬಿಳುಪು ಸಿನಿಮಾ ಹಚ್ಚಿದೆ. ಹೊಡೆಯುವ ಗಂಡನನ್ನು ಬಿಟ್ಟು ಹಿಮ ಬೀಳುವ ಊರಿನಲ್ಲಿ ಅಕ್ಕನ ಮನೆ ಸೇರಿದ ಒಬ್ಬ ಹೆಂಗಸಿನ ಕಥೆ. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಮಂಚದ ಮೇಲೆ ಎದ್ದು ಕೂತು, "ನಾ ಹೇಳ್ತೀನಿ, ನೀ ಶಾವಗಿ ನೋಡ್ಕೊ" ಎಂದರು. ಸುಳ್ಳೇಕೆ, ಚೆನ್ನಾಗಿಯೇ ಹೇಳಿದರು. ಹೆಂಗಸರು ನಕ್ಕರು, ಕಣ್ಣೊರೆಸಿಕೊಂಡರು.

ಕೊನೆಗೆ ಆ ಗಂಡ ಹೂವಿನ ಗೊಂಚಲು ಹಿಡಿದು ಕರೆಯಲು ಬರುತ್ತಾನೆ. ಅವಳು ಎಲ್ಲ ಕೇಳಿಸಿಕೊಂಡು, ಗೂಟದಲ್ಲಿದ್ದ ಅವನ ಟೊಪ್ಪಿಗೆ ತೆಗೆದು ಕೈಗೆ ಕೊಟ್ಟು, ಎರಡೇ ಮಾತಾಡಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅಲ್ಲಿಗೆ ಮುಗಿಯಿತು.

"ನಂದ ತಪ್ಪಾತು, ಕ್ಷಮಾ ಮಾಡ್ರಿ ಅಂತ ಬೇಡ್ಕೊಂಡ್ಳು ನೋಡ್ರಿ" ಎಂದರು ಕಾಕಾ. "ಈಗ ಅರಬಿ ಗಂಟು ಕಟ್ಟಾಕ ಒಳಗ ಹೋದ್ಳು. ಗಂಡನ ಜೋಡಿ ಹೋಗ್ತಾಳ."

ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ.

ಗೌರವ್ವ ಹುಬ್ಬು ಗಂಟಿಕ್ಕಿದಳು. "ಹೌದನ್ರೀ ಗುರೂಜಿ? ಮಾರಿ ನೋಡಿದ್ರ ಹಂಗ ಕಾಣ್ಸೂದಿಲ್ಲಲ್ರೀ. ಬೇಡ್ಕೊಳ್ಳಾಕಿ ಹಿಂಗ್ ನಿಂದರ್ತಾಳೇನು?"

"ನಿನಗ ಇಂಗ್ಲಿಷ್ ಬರ್ತದೇನ?" ಎಂದು ಕಾಕಾ ಗದರಿದರು.

ಸವಿತಾಳ ಕೈ ಹಿಟ್ಟಿನಲ್ಲೇ ನಿಂತುಹೋಗಿತ್ತು. ಅವಳ ಮುಖ ನೋಡಿದ್ದೇ ತಡ, ನನ್ನ ಸಿಟ್ಟು ನೆತ್ತಿಗೇರಿತು. ಇದು ಅವಳಿಗಾಗಿಯೇ ಹೇಳಿದ ಸುಳ್ಳು. "ಕಾಕಾ, ನಾಚಿಕಿ ಬರೂದಿಲ್ಲೇನ್ರಿ? ಅಪ್ಪನ ಬಾಜೂಕ ಕುಂತು ಇದನ್ನ ಎಷ್ಟ ಸಲ ನೋಡೀರಿ! 'ನಾ ಬರೂದಿಲ್ಲ, ನೀ ನಡಿ' ಅಂದಾಳ ಅಕಿ!" ಎಂದು ಚೀರಿದೆ.

"ಬಾಯಿ ಮುಚ್ಚು! ಮನಿ ಮರ್ಯಾದಿ ವಿಚಾರ ಮಾಡು. ಹುಡುಗಿ ಮುಂದ ಇಂಥಾದ್ದು ಹೇಳ್ತಾರೇನು?"

"ಹೊಡಿಸ್ಕೊಂಡು ಬಂದಾಕಿ ಮುಂದ ಸುಳ್ಳು ಹೇಳ್ತಾರೇನು?"

ಕಾಕಾ ಎದ್ದು ಹೋಗಿ ಟಿವಿ ಆರಿಸಿದರು. ಆಗ ಸವಿತಾ ಬಾಯಿ ಬಿಟ್ಟಳು. "ಅಕ್ಕಾ, ಕಡೀದು ಇನ್ನೊಮ್ಮಿ ಹಚ್ಚ. ಯಾರೂ ಏನೂ ಹೇಳಬ್ಯಾಡ್ರಿ."

ಹಚ್ಚಿದೆ. ಅವಳು ಆ ಹೆಂಗಸಿನ ಮುಖವನ್ನೇ ನೋಡಿದಳು, ಮತ್ತೆ ಹಚ್ಚಲು ಹೇಳಿದಳು, ಮತ್ತೆ ನೋಡಿದಳು. ಹಾಡಿಲ್ಲ, ಬಣ್ಣವಿಲ್ಲ, ಇಂಥ ಹಳಸಲು ಸಿನಿಮಾ ಈಗ ಯಾರಿಗೆ ಬೇಕು ಎಂದು ನನ್ನ ಜೊತೆಯ ಶಿಕ್ಷಕರು ಕೇಳುತ್ತಾರೆ. ಅವರನ್ನು ಆ ದಿನ ಅಲ್ಲಿ ಕೂರಿಸಬೇಕಿತ್ತು. ಅಪ್ಪ ಹುಟ್ಟುವ ಮೊದಲು, ಯಾವುದೋ ದೇಶದಲ್ಲಿ ತೆಗೆದ ಸಿನಿಮಾ. ಎದುರಿಗೆ ಕೂತು ಊರಿನ ಗುರೂಜಿಯೇ ಸುಳ್ಳು ಹೇಳಿದರೂ ಶಾವಿಗೆ ಹೊಸೆಯುವ ಹೆಂಗಸರಿಗೆ ನಿಜ ತಿಳಿಯಿತು. ಅಷ್ಟು ಗಟ್ಟಿಯಾಗಿ ಮಾಡಿದ್ದಾರೆ, ಅದಕ್ಕೇ ಉಳಿದಿದೆ.

ಮರುದಿನ ಬೀಗರು ಬಂದರು. ನಮ್ಮಲ್ಲಿ ಇಂಥ ಮಾತುಕತೆಗೆ ಗಂಡಸರು ಪಡಸಾಲೆಯಲ್ಲಿ ಕೂಡುತ್ತಾರೆ, ಹುಡುಗಿ ಒಳಗಿರುತ್ತಾಳೆ. ತಂದೆ ಒಳಗೆ ಹೋಗಿ ಕೇಳಿ, ಅವಳ ಮಾತನ್ನು ಹೊರಗೆ ತಂದು ಹೇಳುತ್ತಾನೆ. ಕಾಕಾ ಅಡುಗೆಮನೆಗೆ ಬಂದರು. "ಬರೂದಿಲ್ಲ ಅಂತ ಹೇಳಪ್ಪಾ" ಎಂದಳು ಸವಿತಾ, ಅವರ ಮುಖ ನೋಡಿಯೇ. ನಾನು ಪಕ್ಕದಲ್ಲೇ ಇದ್ದೆ. ಕಾಕಾ ತಲೆಯಾಡಿಸಿ ಹೊರಗೆ ಹೋಗಿ, ಗಂಟಲು ಸರಿಮಾಡಿಕೊಂಡು, "ಹುಡುಗಿ ಬರ್ತೀನಿ ಅಂದ್ಳ್ರಿ" ಎಂದರು.

ಸವಿತಾ ನನ್ನನ್ನು ದಾಟಿಕೊಂಡು ಪಡಸಾಲೆಗೆ ಹೋಗಿಬಿಟ್ಟಳು. "ನಾ ಹಂಗ ಅಂದಿಲ್ರಿ. ಬರೂದಿಲ್ಲ ಅಂದೀನಿ. ಹೋಗಿ ಬರ್ರಿ."

ಬೀಗರು ಚಹಾ ಕುಡಿಯದೆ ಎದ್ದರು. ಸವಿತಾ ಈಗ ನನ್ನ ಜೊತೆ ಜತ್ತದಲ್ಲಿ ಇದ್ದಾಳೆ, ಹೊಲಿಗೆ ಕಲಿಯುತ್ತಾಳೆ. ಕಾಕಾ ನಮ್ಮಿಬ್ಬರ ಜೊತೆಯೂ ಮಾತು ಬಿಟ್ಟಿದ್ದಾರೆ. ಬಿಡಲಿ. ವಯಸ್ಸಾದವರು, ಮರೆತುಬಿಡು ಎಂದು ಎಲ್ಲರೂ ನನಗೇ ಬುದ್ಧಿ ಹೇಳುತ್ತಾರೆ. ಸಿನಿಮಾದ ಹೆಂಗಸಿನ ಇಂಗ್ಲಿಷ್ ಮಾತನ್ನು ತಿರುಚಿದ್ದನ್ನು ಹೇಗೋ ನುಂಗಿಕೊಂಡೇನು. ಆದರೆ ಹೆತ್ತ ಮಗಳು, ನಮ್ಮದೇ ಕನ್ನಡದಲ್ಲಿ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ ಮಾತನ್ನೂ ತಿರುಚಿದರಲ್ಲ, ಅದನ್ನು ನಾನು ಸಾಯುವವರೆಗೂ ಮರೆಯಲಾರೆ.