ಕತ್ತಿಯ ಮೇಣ

ಗೋಲಿಗಿಂತ ಸ್ವಲ್ಪ ದೊಡ್ಡದಾದ ಮೇಣದ ಉಂಡೆ. ಒಂದು ಬದಿಯಲ್ಲಿ ಉಗುರಿನ ಗುರುತು, ಇನ್ನೊಂದು ಬದಿಯಲ್ಲಿ ನೇರವಾದ ಸಣ್ಣ ಗೀರು. ನಿನ್ನೆ ಸಂಜೆ ನನ್ನ ಕಾಲೇಜಿನ ಟ್ರಂಕಿನ ತಳದಲ್ಲಿ, ಹಳೆಯ ರವಕೆಯ ಮಡಿಕೆಯೊಳಗೆ ಸಿಕ್ಕಿತು. ಮೂಗಿನ ಹತ್ತಿರ ಹಿಡಿದರೆ ಜೇನಿನ ವಾಸನೆ, ಅದರ ಹಿಂದೆಯೇ ಕನರಿದ ತೆಂಗಿನೆಣ್ಣೆ... ಆ ಗೀರು ಕತ್ತಿಯ ಅಲಗು ಮಾಡಿದ್ದು.

ನಾನು ಅಕ್ಕ ಎಂದು ಕರೆಯುತ್ತಿದ್ದವರು ಪಕ್ಕದ ಮನೆಯ ಸೊಸೆ. ನಮ್ಮ ಹಳ್ಳಿ ಮೀಂಜದಲ್ಲಿ ಈ ಎರಡು ಮನೆಗಳ ನಡುವೆ ಇದ್ದದ್ದು ಒಂದು ಗದ್ದೆ ಮಾತ್ರ. ಮದುವೆಗೆ ಮೊದಲು ಅವರು ನಾಟಕ ಕಂಪೆನಿಯಲ್ಲಿದ್ದರು. ರಾಜಸಭೆಯ ದೃಶ್ಯದಲ್ಲಿ ತಲೆಯ ಮೇಲೆ ಕತ್ತಿಯನ್ನು ಅಡ್ಡ ಇಟ್ಟು, ಕೈ ತಾಗಿಸದೆ ಕುಣಿಯುತ್ತಿದ್ದರಂತೆ. ಕಾಸರಗೋಡಿನಲ್ಲಿ ಆ ಕುಣಿತ ನೋಡಿದ ಪಕ್ಕದ ಮನೆಯ ಅಣ್ಣ ಅವರನ್ನು ಮದುವೆಯಾಗಿ ಕರೆತಂದರು. ಕಂಪೆನಿಯವರು ಕತ್ತಿಯನ್ನೂ ಜೊತೆಗೆ ಕೊಟ್ಟು ಕಳುಹಿಸಿದ್ದರು. ಮುಂದೆ ಕಂಪೆನಿ ಕಾಸರಗೋಡಿಗೆ ಬಂದಾಗ ಒಂದೇ ಒಂದು ಸಲ ಕುಣಿಯಬಹುದೇ ಎಂದು ಅಕ್ಕ ಕೇಳಿದ್ದಕ್ಕೆ ಅಣ್ಣ "ನೋಡುವ" ಎಂದಿದ್ದರು. ಆಮೇಲೆ ಯುದ್ಧ ಬಂತು, ನಾಟಕದ ದೀಪಗಳಿಗೆ ಸೀಮೆಎಣ್ಣೆ ಸಿಗದಾಯಿತು, ಕಂಪೆನಿ ಈ ಕಡೆ ಬರಲೇ ಇಲ್ಲ. ಅಕ್ಕ ಮಾತ್ರ ಆ ಒಂದು "ನೋಡುವ" ನಂಬಿ ಕತ್ತಿಯನ್ನು ಸಿದ್ಧವಾಗಿಟ್ಟಿದ್ದರು.

ಹಿತ್ತಿಲ ಜಗಲಿಯಲ್ಲಿ ಅವರು ಕತ್ತಿಯನ್ನು ಬಿಚ್ಚುವಾಗ ನಾನು ಪಕ್ಕದಲ್ಲಿ ಕುಳಿತಿರುತ್ತಿದ್ದೆ. ಎಣ್ಣೆ ಹಾಕಿದ ಹಳೆಯ ಪಂಚೆಯಲ್ಲಿ ಅದನ್ನು ಸುತ್ತಿಟ್ಟಿರುತ್ತಿದ್ದರು; ಕಡಲಿನ ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಮೊದಲು ಅದನ್ನು ತೋರುಬೆರಳಿನ ಮೇಲೆ ನಿಲ್ಲಿಸಿ ನೋಡುತ್ತಿದ್ದರು. ಹಿಡಿಯ ಭಾರ ಹೆಚ್ಚಾದದ್ದರಿಂದ, ಬೀಸುಬಲೆಯ ಸೀಸವನ್ನು ಬಡಿದು ತೆಳ್ಳಗೆ ಮಾಡಿ ತುದಿಗೆ ಸುತ್ತಿದ್ದರು. ಅದರ ಮೇಲೆ ಜರಿಯ ಪಟ್ಟಿ. ಒಂದಿಷ್ಟು ಸೀಸ ಕೆತ್ತಿ ತೆಗೆಯುವುದು, ಹಿಡಿಗೆ ಒಂದು ಸುತ್ತು ನೂಲು ಸೇರಿಸುವುದು, ಮತ್ತೆ ಬೆರಳಿನ ಮೇಲಿಟ್ಟು ನೋಡುವುದು. ತಲೆಗೆ ತಾಗುವ ಕಡೆ ಅಲಗನ್ನು ಕಲ್ಲಿನಿಂದ ತಿಕ್ಕಿ ಮೊಂಡು ಮಾಡಿ, ಅಲ್ಲಿಗೆ ಜೇನುಮೇಣ ಉಜ್ಜುತ್ತಿದ್ದರು. ಬೇಸಗೆಯಲ್ಲಿ ಮೇಣ ಕರಗಿ ಜಾರುತ್ತದೆ, ಚಳಿಗೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಚಳಿಗಾಲದಲ್ಲಿ ಮಾತ್ರ ಒಂದು ತೊಟ್ಟು ತೆಂಗಿನೆಣ್ಣೆ ಬೆರೆಸಬೇಕು.

"ಆ ಕತ್ತಿಗೆ ಹಾಕುವ ಎಣ್ಣೆ ತಲೆಗೆ ಹಾಕಿದ್ರೆ ನಿನ್ನ ಕೂದಲಾದರೂ ಉದ್ದ ಆಗ್ತಿತ್ತು," ಎಂದು ಅವರ ಅತ್ತೆ ಒಳಗಿನಿಂದಲೇ ಹೇಳುತ್ತಿದ್ದರು.

"ತಲೆಗೆ ಎಣ್ಣೆ ಹಾಕಿದ್ರೆ ಕತ್ತಿ ಜಾರ್ತದೆ ಅತ್ತೆ," ಎಂದು ಅಕ್ಕ ನಗುತ್ತಿದ್ದರು.

ನನ್ನ ತಲೆಯ ಮೇಲೆ ಸೌಟು ಇಟ್ಟು ಅಂಗಳದಲ್ಲಿ ನಡೆಸುತ್ತಿದ್ದರು. "ಯಾರು ಕರೆದರೂ ಕುತ್ತಿಗೆ ತಿರುಗಿಸಬೇಡ ಮಾರಾಯ್ತಿ. ತಿರುಗಲೇಬೇಕಾದ್ರೆ ಕಾಲಿನಿಂದ ತಿರುಗು."

ಯುದ್ಧ ಮುಗಿದು, ಬೇಸಗೆಗೆ ಕಂಪೆನಿ ಕಾಸರಗೋಡಿಗೆ ಬರುತ್ತದೆ ಎಂಬ ಸುದ್ದಿ ಬಂತು. ಅಣ್ಣ ಈ ಸಲವೂ "ನೋಡುವ" ಎಂದರು, ಆದರೆ ಬೇಡ ಎನ್ನಲಿಲ್ಲ. ಅಕ್ಕ ದಿನವೂ ಹಿತ್ತಿಲಲ್ಲಿ ಅಭ್ಯಾಸ ಮಾಡತೊಡಗಿದರು. ಒಂದು ಮಧ್ಯಾಹ್ನ, ಕತ್ತಿ ತಲೆಯ ಮೇಲಿರುವಾಗ, ಅತ್ತೆ ಒಲೆಯ ಬಳಿಯಿಂದ ಜೋರಾಗಿ ಕರೆದರು. ನನಗೆ ಹೇಳಿಕೊಟ್ಟವರೇ ಕುತ್ತಿಗೆ ತಿರುಗಿಸಿದರು. ಆ ಮನೆಯಲ್ಲಿ ಕರೆದ ಕೂಡಲೇ ತಿರುಗುವುದು ಅವರಿಗೆ ಅಷ್ಟು ಅಭ್ಯಾಸವಾಗಿತ್ತು... ಕತ್ತಿ ಜಾರಿ, ಸೀಸದ ತುದಿ ಕೆಳಗಾಗಿ ಬಿದ್ದು, ನೀರು ಚೆಲ್ಲಿ ಮೆತ್ತಗಾಗಿದ್ದ ನೆಲದಲ್ಲಿ ನೆಟ್ಟಗೆ ನಿಂತಿತು.

ಹೊರಬಂದ ಅತ್ತೆ ಅದನ್ನು ನೋಡಿ ಕೈ ಮುಗಿದರು. "ನಿಂತದ್ದು ನೋಡಿ! ದೈವ ತನಗೆ ಬೇಕು ಅಂತ ಕೇಳಿದ್ದು ಇದು."

ಜೋಯಿಸರನ್ನು ಕರೆಸಿ ಕೇಳಿದರು. ಆಯುಧವನ್ನು ಹೀಗೆ ಜಗಲಿಯಲ್ಲಿಟ್ಟುಕೊಳ್ಳಬಾರದು, ದೈವದ ಕೋಣೆಗೆ ಒಪ್ಪಿಸಿ ಎಂದರು. ಅದಕ್ಕೆ ಮೊದಲು ಕತ್ತಿಯನ್ನು ಕಮ್ಮಾರನಲ್ಲಿಗೆ ಕಳುಹಿಸಿದರು. ಅವನು ಭಕ್ತಿಯಿಂದಲೇ ಸೀಸ ಬಿಚ್ಚಿದ, ಮೇಣ ಕೆರೆದ, ಮೊಂಡಾಗಿದ್ದ ಕಡೆಯನ್ನೂ ಸೇರಿಸಿ ಉದ್ದಕ್ಕೂ ಹರಿತ ಮಾಡಿದ. ಹೂ ಮುಡಿಸಿ, ಆ ಕೋಣೆಯಲ್ಲಿ ದೈವಕ್ಕೆಂದೇ ತೂಗುಹಾಕಿದ್ದ ಉಯ್ಯಾಲೆ ಮಂಚದ ಮೇಲೆ, ಮನೆಯ ದೈವದ ಕತ್ತಿಯ ಪಕ್ಕದಲ್ಲಿ ಇಟ್ಟರು. ಹೆಂಗಸರು ಆ ಕೋಣೆಯ ಹೊಸ್ತಿಲು ದಾಟುವಂತಿರಲಿಲ್ಲ.

ಅಕ್ಕ ಹೊಸ್ತಿಲಿನ ಈಚೆಯೇ ನಿಂತು ತುಂಬ ಹೊತ್ತು ನೋಡಿದರು. "ಈಗ ಅದು ಕತ್ತಿ ಆಯಿತು," ಎಂದರು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಕಂಪೆನಿಯಲ್ಲಿ ಬೇರೆ ಕತ್ತಿ ಇರಬಹುದಲ್ಲ ಎಂದೆ. ನನಗಾಗ ಅಷ್ಟೇ ತಿಳಿದಿತ್ತು.

"ಇರಬಹುದು. ಆದ್ರೆ ದೈವವೇ ಕತ್ತಿ ತೆಗೆದುಕೊಂಡ ಮೇಲೆ ಸೊಸೆ ಕುಣಿಯಲಿಕ್ಕೆ ಹೋದಳು ಅಂತ ಆಗ್ತದಲ್ಲ? ಬೈದ್ರೆ ಉತ್ತರ ಕೊಡಬಹುದಿತ್ತು. ಕೈ ಮುಗಿದು ನಿಂತವರಿಗೆ ಎಂತ ಹೇಳುವುದು?"

ಅಣ್ಣನಿಗೆ ಇನ್ನು ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಅವರ ಮುಖ ಹಗುರವಾಗಿತ್ತು. ಕಂಪೆನಿ ಬಂತು, ಆ ಬೇಸಗೆಯಿಡೀ ಆಡಿತು, ಹೋಯಿತು. ಅಕ್ಕ ತಲೆಗೆ ಎಣ್ಣೆ ಹಾಕಿಕೊಳ್ಳತೊಡಗಿದರು. ಹೂವಿನ ಪೂಜೆಯ ದಿನಗಳಲ್ಲಿ ದೈವದ ಕೋಣೆಗೆ ಮಾಲೆ ಕಟ್ಟಿಕೊಡುವುದೂ ಅವರ ಕೆಲಸವಾಯಿತು.

ನಾನು ಮಂಗಳೂರಿಗೆ ಕಾಲೇಜಿಗೆ ಹೊರಟ ದಿನ ಅಕ್ಕ ಗದ್ದೆಯ ಬದಿಗೆ ಬಂದು ಈ ಮೇಣವನ್ನು ನನ್ನ ಕೈಯಲ್ಲಿಟ್ಟರು. ನಾನು ಅದನ್ನು ರವಕೆಯ ಮಡಿಕೆಯೊಳಗೆ ಸೇರಿಸಿಟ್ಟೆ. ನನ್ನ ಬಿ.ಎ. ಪರೀಕ್ಷೆಯ ವಾರ ಅಕ್ಕ ಜ್ವರದಲ್ಲಿ ತೀರಿಕೊಂಡರಂತೆ. ಓದು ಕೆಡಬಾರದೆಂದು ಮನೆಯಲ್ಲಿ ತಿಳಿಸಲಿಲ್ಲ. ಊರಿಗೆ ಬಂದಾಗ ಹಿತ್ತಿಲ ಜಗಲಿಯಲ್ಲಿ ಭತ್ತದ ಮೂಟೆಗಳಿದ್ದವು. ಕತ್ತಿ ಈಗಲೂ ಆ ಮಂಚದ ಮೇಲಿದೆ. ಅದು ಒಬ್ಬರ ತಲೆಗೆ ಹೊಂದಿಸಿದ್ದ ಕತ್ತಿ ಎಂದು ನೆನಪಿಟ್ಟುಕೊಂಡವಳು ನಾನೊಬ್ಬಳೇ ಇರಬೇಕು.

ನಿನ್ನೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಒಳ್ಳೆಯ ಜನ, ನಗುನಗುತ್ತಾ ಮಾತಾಡಿದರು. ಮದುವೆಯ ನಂತರವೂ ನಾನು ಶಾಲೆಯಲ್ಲಿ ಕಲಿಸಬಹುದೇ ಎಂದು ಅಪ್ಪ ನನ್ನ ಪರವಾಗಿ ಕೇಳಿದರು. ಹುಡುಗ ತನ್ನ ತಾಯಿಯ ಮುಖ ನೋಡಿ, "ಅದಕ್ಕೇನಂತೆ, ನೋಡುವ," ಎಂದ. ಎಲ್ಲರೂ ಸಮಾಧಾನದಿಂದ ಕಾಫಿ ಕುಡಿದರು. ಅವರು ಹೋದ ಮೇಲೆಯೇ ನಾನು ಟ್ರಂಕು ತೆರೆದದ್ದು.

ಇಂದು ಬೆಳಿಗ್ಗೆ ತಲೆಗೆ ಎಣ್ಣೆ ಹಾಕದೆ ಬಾಚಿಕೊಂಡೆ. ಮೇಣವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಶಾಲೆಯಲ್ಲಿ ಗೆರೆ ಎಳೆಯುವ ಅಡಿಕೋಲಿನ ಅಂಚಿನ ನಡುವಿಗೆ ಉಜ್ಜಿದೆ. ಬಾಗಿಲು ಹಾಕಿಕೊಂಡು, ಅದನ್ನು ತಲೆಯ ಮೇಲೆ ಅಡ್ಡವಾಗಿ ನಿಲ್ಲಿಸಿದೆ. ಕೋಣೆ ಸಣ್ಣದು, ಸ್ವಲ್ಪ ನಡೆಯುವಷ್ಟರಲ್ಲಿ ಗೋಡೆ ಬಂತು.

"ಅವರಿಗೆ ಎಂತ ಹೇಳಿ ಕಳಿಸುವುದು ಅಂತ ಅಪ್ಪ ಕೇಳ್ತಾರೆ," ಎಂದು ಅಮ್ಮ ಹೊರಗಿನಿಂದ ಕರೆದರು.

ಕಾಲಿನಿಂದ ತಿರುಗಿದೆ.

"ಬೇಡ ಅಂತ ಹೇಳಿ."

ಅಡಿಕೋಲು ಬೀಳಲಿಲ್ಲ.